ಪೆದ್ದಚೆರುವಿನ ವರತಿ

ನಮ್ಮ ಅತ್ತೆ ಬಸಲಿಂಗಮ್ಮನವರು ಯಾರ ಮನೆಗೆ ಹೋದರೂ ಮೊದಲು ನೀರು ಕುಡಿಯುತ್ತಾರೆ, ಆಮೇಲೆ ಆ ಮನೆಯವರ ಮುಖ ನೋಡುತ್ತಾರೆ. ನನ್ನನ್ನು ನೋಡಲು ಹೈದರಾಬಾದಿನ ಉಪ್ಪಲ್‌ಗೆ ಬಂದ ದಿನವೂ ಹಾಗೇ ಆಯಿತು. ನಮ್ಮಮ್ಮ ಬೆಳಿಗ್ಗೆಯಿಂದ ಒದ್ದಾಡಿ ಉಪ್ಪಿಟ್ಟು, ಶಿರಾ ಮಾಡಿಟ್ಟಿದ್ದಳು. ನಾನು ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು ಬಾಗಿಲ ಮರೆಯಲ್ಲಿ ನಿಂತಿದ್ದೆ. ಇವರು ಲೋಟ ಎತ್ತಿ ಒಂದು ಗುಟುಕು ತೆಗೆದುಕೊಂಡು, ಅದನ್ನು ಬಾಯಲ್ಲೇ ಸ್ವಲ್ಪ ಹೊತ್ತು ಇಟ್ಟುಕೊಂಡು ನುಂಗಿ, "ನೀರು ಗಡಸ ಅದಾವ್ರಿ" ಎಂದರು. ನಮ್ಮಪ್ಪ ಚನ್ನಬಸಪ್ಪನವರ ಮುಖ ಸಣ್ಣದಾಯಿತು. ಸಂಬಂಧ ಬೇಡ ಎನ್ನುವುದಕ್ಕೆ ಹೀಗೂ ಒಂದು ರೀತಿ ಇರಬಹುದು ಎಂದುಕೊಂಡರು.

ಪಕ್ಕದಲ್ಲಿ ಕುಳಿತಿದ್ದ ಮಾವ ಅಮರೇಶಪ್ಪನವರು ನಕ್ಕುಬಿಟ್ಟರು. "ಮನಸಿಗೆ ಹಚ್ಚಿಕೋಬ್ಯಾಡ್ರಿ ಬೀಗರ. ಈಕಿ ಇಷ್ಟು ವರ್ಷದಾಗ ಹೈದರಾಬಾದಿನ ಒಂದು ಹನಿ ನೀರಿಗೂ ಛಲೋ ಅಂದಿಲ್ಲ. ಹುಡುಗಿ ಪಾಸ್ ಆಗ್ಯಾಳ, ನೀರಷ್ಟ ಫೇಲ್" ಎಂದರು. ಹಾಗೆ ನನ್ನ ಮದುವೆ ಗೊತ್ತಾಯಿತು.

ಮಲ್ಕಾಜ್‌ಗಿರಿಯ ಮನೆಗೆ ಬಂದ ಮೇಲೆ ಗೊತ್ತಾಯಿತು, ಫೇಲಾದದ್ದು ಉಪ್ಪಲ್ ಒಂದೇ ಅಲ್ಲ. ನಳದ ನೀರಿಗೆ ಔಷಧಿ ವಾಸನೆ. ಬೋರಿನದು ಸವಳು. ಟ್ಯಾಂಕರಿನದನ್ನು ಅವರು ಗಿಡಕ್ಕೂ ಹಾಕುತ್ತಿರಲಿಲ್ಲ. ನನ್ನ ಗಂಡ ಬಸವಕಿರಣ ಆಸೆಪಟ್ಟು ಒಂದು ಫಿಲ್ಟರ್ ತಂದು ಅಡುಗೆಮನೆಯ ಗೋಡೆಗೆ ಹಾಕಿಸಿದ. ಅತ್ತೆ ಅದರ ನೀರು ಕುಡಿದು, "ಈ ನೀರು ಸತ್ತಾವ" ಎಂದು ಲೋಟ ಕೆಳಗಿಟ್ಟರು. ಅಂದಿನಿಂದ ನಾವು ಸತ್ತ ನೀರು ಕುಡಿಯುವವರು. ಅವರು ಮಾತ್ರ ನಳದ ನೀರನ್ನು ಧೋತರದ ತುಂಡು ಮಡಚಿ ಸೋಸಿ, ಮಣ್ಣಿನ ಗಡಿಗೆಗೆ ತುಂಬಿ, ಗಡಿಗೆಯನ್ನು ಬಾಲ್ಕನಿಯಲ್ಲಿ ಒದ್ದೆ ಉಸುಕಿನ ಮೇಲೆ ಕೂರಿಸುತ್ತಾರೆ. ಅದಕ್ಕೂ ಛಲೋ ಎಂದವರಲ್ಲ. ನಡೆಯುತ್ತದೆ ಎನ್ನುತ್ತಾರೆ, ಅಷ್ಟೆ.

ಗಡಿಗೆಯ ಕೆಳಗಿನ ಉಸುಕಿನದು ಇನ್ನೊಂದು ಪುರಾಣ. ನಮ್ಮ ಬೀದಿಯಲ್ಲಿ ಎಲ್ಲಿ ಕಟ್ಟಡ ಏಳುತ್ತಿದ್ದರೂ ಅತ್ತೆ ನಿಂತು ಉಸುಕಿನ ಗುಡ್ಡೆಗೆ ಕೈ ಹಾಕಿ, ಅಂಗೈಯಲ್ಲಿ ತಿಕ್ಕಿ ನೋಡುವರು. ಈಗೆಲ್ಲ ಕಲ್ಲು ಅರೆದು ಮಾಡಿದ ಎಂ-ಸ್ಯಾಂಡ್. "ಇದು ಉಸುಕಲ್ಲ, ಕಲ್ಲಿನ ಹಿಟ್ಟು" ಎಂದು ಮೇಸ್ತ್ರಿಗೇ ಬೈದು ಬರುವರು. ಬೇಗಂಪೇಟೆಯ ಆಫೀಸಿಗೆ ಹೊರಟ ನಾನು ನೋಡಿಯೂ ನೋಡದವಳ ಹಾಗೆ ಆಟೊ ಹತ್ತುತ್ತಿದ್ದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ನೀರು ನೀರಿನ ಹಾಗೆ ಇದ್ದರೆ ಸಾಲದೇ, ಅದಕ್ಕೆ ಇಷ್ಟು ರಂಪ ಯಾಕೆ ಎಂದು ಬಸವಕಿರಣನ ಹತ್ತಿರ ಎಷ್ಟೋ ಸಲ ಕೂಗಾಡಿದ್ದೇನೆ. ಅವನು "ಆಕಿ ವರತಿ ನೀರು ಕುಡದು ಬೆಳದಾಳ" ಎಂದು ಫೋನಿನಲ್ಲಿ ಮುಖ ಹುದುಗಿಸುತ್ತಿದ್ದ.

ಅತ್ತೆಯ ತವರು ಹಿರೇಗಡ್ಡಿ, ರಾಯಚೂರು ಜಿಲ್ಲೆಯಲ್ಲಿ ಕೃಷ್ಣಾ ಹೊಳೆಯ ದಂಡೆಗಿರುವ ಊರು. ಆಗ ಅಲ್ಲಿ ಊರಿಗಿಂತ ದೊಡ್ಡದು ಉಸುಕಿನ ಬಯಲು. ಹೊಳೆಯ ಹರಿವಿನಲ್ಲಿ ಜನ, ದನ ಎಲ್ಲ ಇಳಿಯುತ್ತಿದ್ದುದರಿಂದ ಕುಡಿಯಲು ಆ ನೀರು ತರುತ್ತಿರಲಿಲ್ಲ. ಹರಿವಿನಿಂದ ನಾಲ್ಕು ಮಾರು ಈಚೆಗೆ ಉಸುಕಿನಲ್ಲಿ ಕೈಯಿಂದ ಗುಂಡಿ ತೋಡುವುದು. ತಳದಲ್ಲಿ ನೀರು ಜಿನುಗುತ್ತದೆ. ಮೊದಲು ಬಂದ ಕೆಂಪು ನೀರನ್ನು ತೆಂಗಿನ ಪರಟೆಯಿಂದ ಮೊಗೆದು ಚೆಲ್ಲಬೇಕು. ಆಮೇಲೆ ಸುಮ್ಮನೆ ಕಾಯಬೇಕು. ಅವಸರ ಮಾಡಿ ಕೈಯಾಡಿಸಿದರೆ ಕದಡುತ್ತದೆ. ಕಾದರೆ ತಿಳಿನೀರು ನಿಲ್ಲುತ್ತದೆ, ತಣ್ಣಗೆ, ತಳದ ಉಸುಕಿನ ಕಾಳು ಕಾಣುವಷ್ಟು. ಅದೇ ವರತಿ. ಸಂಕ್ರಾಂತಿಯ ದಿನ ಊರಿಗೆ ಊರೇ ಬುತ್ತಿ ಕಟ್ಟಿಕೊಂಡು ಹೊಳೆಗೆ ಹೋಗಿ, ಎಳ್ಳು ಅರಿಶಿನ ಹಚ್ಚಿ ಮಿಂದು, ಉಸುಕಿನ ಮೇಲೆ ಕುಳಿತು ಉಂಡು ವರತಿ ನೀರು ಕುಡಿದು ಬರುತ್ತಿದ್ದರು.

ಮಾವ ಹೆಣ್ಣು ನೋಡಲು ಹೋದದ್ದೂ ಒಂದು ಸಂಕ್ರಾಂತಿಯಂದೇ. ಮನೆಗೆ ಬೀಗ, ಎಲ್ಲರೂ ಹೊಳೆಯಲ್ಲಿ. ಯಾರೋ ಇವರನ್ನು ಅಲ್ಲಿಗೇ ಕರೆದುಕೊಂಡು ಹೋದರು. ಮಾವನ ಊರಿನ ಬಾವಿಯಲ್ಲಿ ಸವಳು ನೀರು. ಬಿಸಿಲಲ್ಲಿ ನಡೆದು ಬಂದವರು ಬಾಯಾರಿ ನಿಂತಿದ್ದಾರೆ. ವರತಿಯ ಪಕ್ಕದಲ್ಲಿದ್ದ ಹುಡುಗಿಗೆ ಅವರಪ್ಪ, ನೀರು ಕೊಡು ಎಂದರು. ಮಾವ ಮೊಣಕಾಲೂರಿ ಬೊಗಸೆ ಒಡ್ಡಿದರು, ಅತ್ತೆ ತಂಬಿಗೆಯಿಂದ ಸುರಿದರು. ಕುಡಿದು ಮುಗಿದರೂ ಬೊಗಸೆ ಇಳಿಯಲಿಲ್ಲ. "ಹೆಂಗ ಅದಾವ ನೀರು?" ಎಂದು ಅತ್ತೆಯ ಅಪ್ಪ ಕೇಳಿದರೆ, ಈ ಪುಣ್ಯಾತ್ಮ ತಲೆ ಎತ್ತದೆಯೇ, "ಇನ್ನೂ ತಿಳಿವಲ್ದರಿ. ಇನ್ನೊಂದಿಷ್ಟು ಹಾಕ್ರಿ" ಎಂದರಂತೆ. ತಂಬಿಗೆ ಬರಿದಾಯಿತು. ಬೊಗಸೆ ಆಗಲೂ ಹಾಗೇ ಇತ್ತು. ಹಿರಿಯರು ನಗುತ್ತ ಬುತ್ತಿ ಬಿಚ್ಚಲು ಹೋದರು. ವರತಿ ಮತ್ತೆ ತುಂಬುವ ತನಕ ಇವರಿಬ್ಬರು ಅದರ ದಂಡೆಯಲ್ಲಿ ಕುಳಿತಿದ್ದರು.

"ಏನು ಮಾತಾಡಿದ್ರಿ ಅತ್ತಿ?" ಎಂದು ನಾನು ಹೊಸದರಲ್ಲಿ ಕೇಳಿದ್ದೆ.

"ಮಾತೇನವ್ವ? ನೀರು ನೋಡಿದ್ವಿ" ಎಂದಿದ್ದರು.

ತಮ್ಮ ಮದುವೆಯಲ್ಲಿ ಮಾವ ಅತ್ತೆಗೆ ಒಂದು ಮಾತು ಕೊಟ್ಟಿದ್ದರು. ಎಲ್ಲೇ ಇರಲಿ, ಸಂಕ್ರಾಂತಿಗೆ ಈ ಉಸುಕಿಗೇ ಕರೆದುಕೊಂಡು ಬರುತ್ತೇನೆ, ನೀನು ವರತಿ ತೋಡು, ನಾನು ಕುಡಿಯುತ್ತೇನೆ. ಕೊಟ್ಟ ಮಾತು ದೊಡ್ಡದೇನಲ್ಲ. ಆದರೆ ಅವರು ಸಿಕಂದರಾಬಾದ್ ಸ್ಟೇಷನ್ನಿನಲ್ಲಿ ಬುಕಿಂಗ್ ಕ್ಲರ್ಕ್. ಸಂಕ್ರಾಂತಿ ಬಂದರೆ ಈ ನಗರದ ಅರ್ಧ ಜನ ಊರಿಗೆ ಹೊರಡುತ್ತಾರೆ, ಸ್ಟೇಷನ್ನಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಆ ವಾರ ಯಾರಿಗೂ ರಜೆ ಇಲ್ಲ. ಊರಿಗೆ ಹೋಗುವವರಿಗೆಲ್ಲ ಟಿಕೆಟ್ ಕೊಟ್ಟು ಇವರು ಮಲ್ಕಾಜ್‌ಗಿರಿಗೆ ವಾಪಸಾಗುತ್ತಿದ್ದರು. ಅತ್ತೆ ಬೇರೆ ತಿಂಗಳಲ್ಲಿ ತವರಿಗೆ ಹೋಗಿ ಬರುತ್ತಿದ್ದರು, ಸಂಕ್ರಾಂತಿಗೆ ಮಾತ್ರ ಮಾವನಿಲ್ಲದೆ ಹೋಗಲೊಲ್ಲರು. ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಎಣ್ಣೆಗಾಯಿ ಎಲ್ಲ ಮಾಡಿ ಬುತ್ತಿ ಕಟ್ಟಿ ಇಡುವರು. ಮಾವ ಸಂಜೆ ಬಂದ ಮೇಲೆ ಮಾಳಿಗೆಯ ಮೇಲೆ ಚಾಪೆ ಹಾಸಿ ಬಿಚ್ಚುವರು. ಆಕಾಶದ ತುಂಬ ಗಾಳಿಪಟ. "ಬರೂ ವರ್ಷ ಹೋಗೂಣು" ಎನ್ನುವರು ಮಾವ. ಅತ್ತೆ ಜಗಳ ಮಾಡುತ್ತಿರಲಿಲ್ಲ. ಮಾಡಿದ್ದರೆ ಚೆನ್ನಾಗಿತ್ತು ಎಂದು ನನಗೆ ಅನಿಸುತ್ತದೆ.

ಮಾವ ನಿವೃತ್ತರಾದ ವರ್ಷ ಇಬ್ಬರೂ ಹೋದರು. ಅತ್ತೆ ಹೊಸ ಇಳಕಲ್ ಸೀರೆ ಉಟ್ಟಿದ್ದರು. ಹಬ್ಬದ ದಿನ ಹೋಗಿ ಮರುದಿನ ಬೆಳಿಗ್ಗೆಯೇ ವಾಪಸು ಬಂದರು, ಬುತ್ತಿಯ ಗಂಟು ಕಟ್ಟಿದ ಹಾಗೇ ಇತ್ತು. ಹೊಳೆ ಇತ್ತಂತೆ, ಉಸುಕು ಇರಲಿಲ್ಲ. ಲಾರಿಗಳು ಬಂದು ಬಂದು ಹೊತ್ತೊಯ್ದು, ಬರೀ ಬಂಡೆ, ಹೊಂಡ, ಹೊಂಡದಲ್ಲಿ ಹಸಿರು ನೀರು. ಬಂಡೆಯನ್ನು ಎಲ್ಲಿ ತೋಡುವುದು? ಅತ್ತೆ ಹೊಳೆಯ ಕಡೆ ಬೆನ್ನು ಹಾಕಿ ನಿಂತುಬಿಟ್ಟರಂತೆ. "ಬ್ಯಾರೆ ಉಸುಕು ಹುಡುಕೂಣು ಬಿಡು, ಕೃಷ್ಣಾ ಏನು ಸಣ್ಣದೈತೇನು?" ಎಂದು ಮಾವ ಸಮಾಧಾನ ಮಾಡಿದರು. ಹುಡುಕುವುದರೊಳಗೆ ಅವರ ಎದೆಯೇ ಕೈಕೊಟ್ಟಿತು. ಅವರು ಹೋದ ಮೇಲೆ ಬಂದ ಎರಡು ಸಂಕ್ರಾಂತಿಗಳಲ್ಲಿ ನಮ್ಮ ಮನೆಯಲ್ಲಿ ಬುತ್ತಿ ಕಟ್ಟಲಿಲ್ಲ.

ಆ ಎರಡು ಸಂಕ್ರಾಂತಿ ಅತ್ತೆ ಬಾಲ್ಕನಿಯ ಗಡಿಗೆಯ ಪಕ್ಕ ಕುಳಿತದ್ದನ್ನು ನಾನು ನೋಡಿದ್ದೇನೆ. ಅಳುತ್ತಿರಲಿಲ್ಲ. ಕೆಳಗಿನ ಉಸುಕಿನಲ್ಲಿ ಬೆರಳಾಡಿಸುತ್ತ ಕುಳಿತಿರುತ್ತಿದ್ದರು. ನನಗೆ ಸಂಕಟವಾಗುತ್ತಿತ್ತು, ಅದಕ್ಕಿಂತ ಹೆಚ್ಚು ಹೊಟ್ಟೆಕಿಚ್ಚಾಗುತ್ತಿತ್ತು. ನನ್ನ ತವರು ಉಪ್ಪಲ್, ಮೆಟ್ರೊ ಡಿಪೊದ ಹಿಂದಿನ ಗಲ್ಲಿ. ಹುಟ್ಟಿದ್ದು ಅಲ್ಲೇ. ಬೇಕೆಂದಾಗ ಹೋಗಿ ಬರಬಹುದು. ಹೀಗೆ ಕುಳಿತು ಹಂಬಲಿಸುವುದಕ್ಕೆ ನನಗೆ ಒಂದು ಊರೂ ಇಲ್ಲ, ಒಂದು ನೀರೂ ಇಲ್ಲ.

ಹೀಗಿರುವಾಗ ಈ ವರ್ಷ ಬಸವಕಿರಣ ಫೋನಿನಲ್ಲಿ ಪೆದ್ದಚೆರುವಿನ ಬೀಚ್ ತೋರಿಸಿದ. ನಗರದ ಹೊರಗೆ, ರಿಂಗ್ ರೋಡು ದಾಟಿ ಒಂದು ಕೆರೆ. ಪೆದ್ದಚೆರುವು ಎಂದರೆ ತೆಲುಗಿನಲ್ಲಿ ದೊಡ್ಡ ಕೆರೆ, ಆಚೆ ದಂಡೆ ಕಣ್ಣಿಗೆ ಮಸುಕಾಗುವಷ್ಟು ದೊಡ್ಡದು. ಅದರ ಒಂದು ಬದಿಗೆ ಉಸುಕು ಹಾಸಿ, ಬಣ್ಣದ ಕೊಡೆ ನೆಟ್ಟು, ಮಕ್ಕಳು ಮರಿ ಕಟ್ಟಿಕೊಂಡು ಬಂದು ಕೂರಲಿ ಎಂದು ಬೀಚ್ ಮಾಡಿದ್ದರು. ಸಮುದ್ರವಿಲ್ಲದ ಊರಿಗೆ ಬೀಚಿನ ಚಪಲ ಎಂದು ನಾನು ನಕ್ಕೆ. ಅತ್ತೆ ಫೋನನ್ನು ಕೈಗೆ ತೆಗೆದುಕೊಂಡು ನೋಡಿದರು.

"ಉಸುಕು ಹೊಳಿದೋ, ಮಿಷನ್ನಿಂದೋ?" ಎಂದು ಕೇಳಿದರು.

"ಫೋಟೋದಾಗ ಹೆಂಗ ಗೊತ್ತಾಗತೈತವ್ವ? ಹೋಗಿ ನೋಡೂಣು. ಸಂಕ್ರಾಂತಿಗೆ ಹೋಗೂಣು" ಎಂದ ಬಸವಕಿರಣ.

ಸಂಕ್ರಾಂತಿಯ ಬೆಳಿಗ್ಗೆ ನಾನೇಳುವಷ್ಟರಲ್ಲಿ ಅಡುಗೆಮನೆಯಲ್ಲಿ ಸಜ್ಜೆ ರೊಟ್ಟಿ ಬಡಿಯುವ ಸದ್ದು ಕೇಳಿಸಿತು. ಎಳ್ಳು ಹಚ್ಚಿದ ರೊಟ್ಟಿ, ಹೋಳಿಗೆ, ಎಣ್ಣೆಗಾಯಿ, ಗುರೆಳ್ಳು ಹಿಂಡಿ, ಮೊಸರನ್ನ. ಎರಡು ವರ್ಷದ ಬುತ್ತಿಯನ್ನೂ ಸೇರಿಸಿ ಅತ್ತೆ ಮಾಡಿದ್ದರು. ನಾನು ಶೇಂಗಾ ಹೋಳಿಗೆಗೆ ಕಾಗದ ಸುತ್ತಿದೆ. ಹಿತ್ತಾಳೆಯ ತಂಬಿಗೆ ತೊಳೆದಿಟ್ಟಿದ್ದರು. ಗಡಿಗೆಯ ನೀರು ತುಂಬಲು ಹೋದರೆ ಕೈ ಹಿಡಿದರು.

"ತಂಬಿಗಿ ಖಾಲಿ ಇರಲಿ ಶೀತಲ."

"ದಾರ್‍ಯಾಗ ನೀರಡಿಕಿ ಆದ್ರ ಅತ್ತಿ?"

"ಖಾಲಿ ಇರಲಿ."

ಹಿರಿಯರ ಜೊತೆ ಹಬ್ಬದ ದಿನ ವಾದ ಯಾಕೆ ಎಂದು ಬಿಟ್ಟೆ. ಆದರೆ ಮಗಳು ಪಿಂಕಿಗೆ ನೀರು ಬೇಕಲ್ಲ. ಅತ್ತೆ ಸೀರೆ ಉಡಲು ಹೋದಾಗ ಒಂದು ದೊಡ್ಡ ಬಾಟಲಿಗೆ ಗಡಿಗೆಯಿಂದಲೇ ನೀರು ತುಂಬಿ ಅವಳ ಚೀಲಕ್ಕೆ ತುರುಕಿದೆ.

ಸಂಕ್ರಾಂತಿಯ ಹೈದರಾಬಾದಿನ ರಸ್ತೆಗಳಲ್ಲಿ ಆರಾಮವಾಗಿ ಕಾರು ಓಡಿಸಬಹುದು. ಬೀಚಿನಲ್ಲಿ ಮಾತ್ರ ಜನವೋ ಜನ, ಊರಿಗೆ ಹೋಗದವರು, ಹೋಗಲಾಗದವರು, ನನ್ನ ಹಾಗೆ ಊರೇ ಇಲ್ಲದವರು. ಟಿಕೆಟ್ ಕೊಂಡು ಒಳಗೆ ಹೋದೆವು. ಮಕ್ಕಳು ಪ್ಲಾಸ್ಟಿಕ್ ಬಕೆಟಿನಿಂದ ಗೋಪುರ ಕಟ್ಟುತ್ತಿದ್ದರು, ಸುಟ್ಟ ಮೆಕ್ಕೆಜೋಳದ ವಾಸನೆ, ಮೇಲೆ ಗಾಳಿಪಟಗಳು. ನೀರಿನ ಅಂಚಿಗೆ ಹಗ್ಗ ಕಟ್ಟಿ, ಇಳಿಯಬಾರದು ಎಂದು ಬೋರ್ಡು ಹಾಕಿದ್ದರು. ಅತ್ತೆ ಚಪ್ಪಲಿ ಬಿಟ್ಟರು. ಬಗ್ಗಿ ಒಂದು ಹಿಡಿ ಉಸುಕು ಎತ್ತಿ ಅಂಗೈಯಲ್ಲಿ ತಿಕ್ಕಿದರು, ಊದಿದರು, ಬಿಸಿಲಿಗೆ ಹಿಡಿದರು. ಒಂದು ಕಾಳು ನಾಲಿಗೆಯ ಮೇಲಿಟ್ಟುಕೊಂಡು ಉಗುಳಿದರು. ನಾನು ಮೇಸ್ತ್ರಿಗೆ ಬಿದ್ದ ಬೈಗುಳ ಇಲ್ಲಿ ಯಾರಿಗೆ ಬೀಳುತ್ತದೋ ಎಂದು ನೋಡುತ್ತಿದ್ದೆ.

"ಹೊಳಿ ಉಸುಕ" ಎಂದರು.

ಅಷ್ಟು ಹೇಳಿ ನಕ್ಕರು. ಮಾವ ಹೋದ ಮೇಲೆ ಆ ನಗೆಯನ್ನು ನಾನು ನೋಡಿರಲಿಲ್ಲ. ಬಸವಕಿರಣ ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದ, ಆ ಉಸುಕನ್ನೆಲ್ಲ ತಾನೇ ಹೊತ್ತು ತಂದು ಹಾಕಿದವನ ಹಾಗೆ.

ಹಗ್ಗದಿಂದ ನಾಲ್ಕು ಮಾರು ಈಚೆಗೆ ಅತ್ತೆ ಜಾಗ ಆರಿಸಿದರು. ನಾನು ಚಾಪೆ ಹಾಸಿ ಬುತ್ತಿ ಬಿಚ್ಚಲು ಹೋದೆ. "ತಡಿ, ನೀರಾಗಲಿ" ಎಂದರು. ಎಂಥ ನೀರು ಎಂದು ಕೇಳುವುದರೊಳಗೆ ಅವರ ಚೀಲದಿಂದ ಒಂದು ತೆಂಗಿನ ಪರಟೆ ಹೊರಬಂತು, ಉಜ್ಜಿ ನುಣ್ಣಗೆ ಮಾಡಿದ್ದು. ತಂಬಿಗೆ ಯಾಕೆ ಖಾಲಿ ಬಂತು ಎಂದು ನನಗೆ ಆಗ ಹೊಳೆಯಿತು. ಹೊಳೆಯ ಉಸುಕು, ಪಕ್ಕದಲ್ಲಿ ಕಣ್ಣು ಹಾಯುವಷ್ಟು ನೀರು. ಇವರ ಲೆಕ್ಕದಲ್ಲಿ ಇನ್ನೇನು ಬೇಕು? ಸೆರಗು ಸಿಕ್ಕಿಸಿ, ಮೊಣಕಾಲೂರಿ ಎರಡೂ ಕೈಯಿಂದ ತೋಡಲು ಶುರುಮಾಡಿದರು.

ಪಿಂಕಿಗೆ ಕುಣಿದಾಡುವಷ್ಟು ಖುಷಿ. ಅಜ್ಜಿಯ ವರತಿಯ ಕತೆ ಅವಳಿಗೆ ಬಾಯಿಪಾಠ. ಸುತ್ತ ಗೋಪುರ ಕಟ್ಟುತ್ತಿದ್ದ ಮಕ್ಕಳನ್ನೆಲ್ಲ ಹಿಂದಿಯಲ್ಲಿ ಕರೆದು, ನಮ್ಮ ಅಜ್ಜಿ ಉಸುಕಿನಿಂದ ನೀರು ತೆಗೆಯುತ್ತಾಳೆ, ಬಂದು ನೋಡಿ ಎಂದು ಡಂಗುರ ಹೊಡೆದಳು. ನಾಲ್ಕಾರು ಮಕ್ಕಳು ಬಂದು ಕುಕ್ಕರಗಾಲಲ್ಲಿ ಕುಳಿತರು. ಅತ್ತೆಯ ಕೈಗಳನ್ನು ನಾನು ನೋಡುತ್ತಿದ್ದೆ. ಮನೆಯಲ್ಲಿ ಕುಕ್ಕರಿನ ಮುಚ್ಚಳ ತೆಗೆಯಲು ನನ್ನನ್ನು ಕರೆಯುವ ಕೈಗಳು ಅಲ್ಲಿ ಉಸುಕು ಎತ್ತಿ ಎತ್ತಿ ಹಾಕುತ್ತಿದ್ದವು, ಅಂಚು ಕುಸಿಯದ ಹಾಗೆ ತಟ್ಟುತ್ತಿದ್ದವು. ಕೆಳಗಿನ ಉಸುಕು ಒದ್ದೆಯಾಗಿ ಬಂತು. ಅತ್ತೆ ಉಸಿರು ಬಿಗಿಹಿಡಿದರು. ನಾನೂ ಹಿಡಿದೆ, ಸುಳ್ಳೇಕೆ ಹೇಳಲಿ.

ಆಮೇಲೆ ಅವರ ಉಗುರು ಏನನ್ನೋ ಕೆರೆಯಿತು. ಕಪ್ಪಗೆ, ನುಣ್ಣಗೆ. ಅತ್ತೆ ಸುತ್ತಲಿನ ಉಸುಕು ಸರಿಸಿದರು. ಅಲ್ಲೂ ಕಪ್ಪು. ಇನ್ನೊಂದು ಕಡೆ ಸರಿಸಿದರು.

"ಅಮ್ಮಾ, ಅಕ್ಕಡ ತವ್ವೊದ್ದು" ಎಂದು ತೆಲುಗಿನಲ್ಲಿ ಕೂಗಿ, ತೋಡಬೇಡಿ ಎಂದು ಕೈ ಬೀಸುತ್ತ, ಸಿಳ್ಳೆ ಕತ್ತಿಗೆ ನೇತುಹಾಕಿಕೊಂಡ ಬೀಚಿನ ಕಾವಲುಗಾರ ಓಡಿ ಬಂದ.

"ಇದೇನಪ್ಪ ಇದು, ಕೆಳಗ?" ಎಂದರು ಅತ್ತೆ, ಗುಂಡಿಯಿಂದ ಕಣ್ಣು ತೆಗೆಯದೆ, ಕನ್ನಡದಲ್ಲೇ.

ಅವನು ನಿಂತ. ಗುಂಡಿ ನೋಡಿದ, ಪರಟೆ ನೋಡಿದ, ಖಾಲಿ ತಂಬಿಗೆ ನೋಡಿದ. "ವರತಿ ತೋಡಾಕತ್ತೀರೇನ್ರಿ ಅವ್ವ?" ಎಂದು ಕನ್ನಡದಲ್ಲೇ ಮೆಲ್ಲಗೆ ಕೇಳಿದ. ಅವನ ಹೆಸರು ಮೌನಪ್ಪ. ಸುರಪುರದ ಕಡೆ, ಕೃಷ್ಣಾ ದಂಡೆಯವನೇ, ಹೈದರಾಬಾದಿಗೆ ಗಾರೆ ಕೆಲಸಕ್ಕೆ ಬಂದು ಇಲ್ಲಿ ಸೇರಿಕೊಂಡಿದ್ದ.

"ಇಲ್ಲಿ ನೀರು ಬರೂದಿಲ್ರಿ ಅವ್ವ. ಕೆಳಗ ಪ್ಲಾಸ್ಟಿಕ್ ಹಾಳಿ ಐತಿ. ಉಸುಕು ಮಣ್ಣಾಗ ಇಳದು ಹೋಗಬಾರದಂತ ಹಾಸ್ಯಾರ. ನಾನೂ ಹಾಸಿದವರೊಳಗ ಒಬ್ಬರಿ."

"ಎಲ್ಲಾ ಕಡೆ ಹಾಸ್ಯಾರೇನು?"

"ಎಲ್ಲಾ ಕಡೆ ಐತ್ರಿ."

"ನಿಮ್ಮೂರಾಗ ಉಸುಕು ಐತೇನಪ್ಪ?"

ಮೌನಪ್ಪ ತಲೆ ಅಲ್ಲಾಡಿಸಿದ. "ಎಲ್ಲೈತ್ರಿ. ನಮ್ಮವ್ವ ಇದ್ದಾಗ ಇತ್ತು" ಎಂದ. ಈಗಲೇ ಮುಚ್ಚಿ ಎಂದು ಹೇಳಲು ಬಂದವನು ಅದನ್ನು ಹೇಳದೆ, "ಹೋಗೂವಾಗ ಒಂಚೂರು ಮುಚ್ಚಿ ಹೋಗ್ರಿ" ಎಂದು ನನಗೆ ಹೇಳಿ ಆಚೆ ನಡೆದ.

ಅತ್ತೆ ಕೈ ಝಾಡಿಸಿಕೊಳ್ಳಲಿಲ್ಲ. ಮುಖವನ್ನು ಕೆರೆಯ ಕಡೆ ತಿರುಗಿಸಿ ಕುಳಿತರು. ಹಿರೇಗಡ್ಡಿಯಲ್ಲಿ ಹೊಳೆಗೆ ಬೆನ್ನು ಹಾಕಿ ನಿಂತರು ಎಂದು ಮಾವ ಹೇಳುತ್ತಿದ್ದರಲ್ಲ, ಆಗ ಅವರಿಗೆ ಪಕ್ಕದಲ್ಲಿ ನಿಲ್ಲಲು ಒಬ್ಬರಿದ್ದರು. ನನ್ನ ಸಿಟ್ಟೆಲ್ಲ ಎತ್ತ ಹೋಯಿತೋ ಗೊತ್ತಿಲ್ಲ. ಬಸವಕಿರಣ ಕಾಲ್ಬೆರಳಿನಿಂದ ಉಸುಕು ಗೀರುತ್ತ ನಿಂತಿದ್ದ. ಈ ಜಾಗ ತೋರಿಸಿದವನು ಅವನು.

ಮಕ್ಕಳಲ್ಲಿ ಒಬ್ಬ, ನೀರು ಎಲ್ಲಿ ಎಂದು ಹಿಂದಿಯಲ್ಲಿ ಕೇಳಿದ. ಇನ್ನೊಬ್ಬಳು, ಇವಳು ಸುಳ್ಳುಬುರುಕಿ ಎಂದು ಎದ್ದಳು. ನಾನು ಕರೆಯುವಷ್ಟರಲ್ಲಿ ಪಿಂಕಿ ಚೀಲ ತೆರೆದು, ಆ ದೊಡ್ಡ ಬಾಟಲಿ ತೆಗೆದು, ಮುಚ್ಚಳ ಬಿಚ್ಚಿ ಗುಂಡಿಗೆ ಬಗ್ಗಿಸಿದಳು. ಗಳಗಳ ಎಂದು ಪೂರ್ತಿ ಬಾಟಲಿ ಸುರಿದಳು.

"ಅಜ್ಜಿ, ನೀರು ಬಂತು."

ಅತ್ತೆ ತಿರುಗಿದರು. ಪಿಂಕಿಯ ಕೈಯಲ್ಲಿ ಬಾಟಲಿ ಇನ್ನೂ ತೊಟ್ಟಿಕ್ಕುತ್ತಿತ್ತು. ಬಚ್ಚಿಡಬೇಕೆಂದು ಆ ಪೆದ್ದಿಗೆ ತೋಚಿರಲಿಲ್ಲ. ನೀರು ಒಂದಿಷ್ಟು ಬದಿಯ ಉಸುಕಿಗೆ ಇಳಿಯಿತು. ಉಳಿದದ್ದು ನಿಂತಿತು. ಕೆಳಗೆ ಹಾಳೆ ಇತ್ತಲ್ಲ, ಎಲ್ಲಿಗೆ ಹೋದೀತು? ಕದಡಿದ್ದು ತಳಕ್ಕೆ ಕೂತು, ನಾವು ನೋಡುತ್ತಿದ್ದ ಹಾಗೆ ತಿಳಿಯಾಯಿತು. ಉಸುಕಿನ ಗುಂಡಿ, ತಳದಲ್ಲಿ ತಿಳಿನೀರು. ಇಷ್ಟು ವರ್ಷ ಕತೆಯಲ್ಲಿ ಕೇಳಿದ್ದ ವರತಿಯನ್ನು ನಾನು ಕಣ್ಣಾರೆ ನೋಡಿದ್ದು ಅದೇ ಮೊದಲು. ನಿಜವಾದದ್ದೂ ಹೀಗೇ ಇರುತ್ತಿತ್ತೇ ಎಂದು ಕೇಳುವ ಆಸೆಯಾಯಿತು.

ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ಪಿಂಕಿಯ ತಲೆ ಸವರಿದರು. ಗುಂಡಿಯ ಪಕ್ಕಕ್ಕೆ ಬಂದು ಕುಳಿತು, ತಂಬಿಗೆಯ ಬಾಯಿಗೆ ಸೆರಗು ಮಡಚಿ ಹಿಡಿದು, ಪರಟೆಯಿಂದ ಕದಡದ ಹಾಗೆ ಮೊಗೆದು ಮೊಗೆದು ಸೋಸಿದರು. ತಂಬಿಗೆ ಅರ್ಧಕ್ಕಿಂತ ತುಸು ಹೆಚ್ಚು ತುಂಬಿತು. ಅದನ್ನು ಎತ್ತಿ, ಸುರಿಯುವವರ ಹಾಗೆ ವಾಲಿಸಿ ಮುಂದೆ ಹಿಡಿದರು. ಮುಂದೆ ಯಾರೂ ಇರಲಿಲ್ಲ. ತಂಬಿಗೆ ಹಿಡಿದ ಕೈ ಗಾಳಿಯಲ್ಲಿ ಹಾಗೇ ನಿಂತಿತು.

ಬಸವಕಿರಣ ಹೋಗಿ ಎದುರಿಗೆ ಮೊಣಕಾಲೂರಿದ. ಎರಡೂ ಕೈ ಕೂಡಿಸಿ ಬೊಗಸೆ ಒಡ್ಡಿದ. ಅವನ ಕೈಗಳು ಮಾವನ ಕೈಗಳ ಹಾಗೇ ಇವೆ, ಅಗಲವಾಗಿ, ಗಿಡ್ಡ ಬೆರಳು. ನಾನು ಅದನ್ನು ಅಷ್ಟು ದಿನ ಗಮನಿಸಿರಲಿಲ್ಲ. ಅತ್ತೆ ಒಂದು ಗಳಿಗೆ ಆ ಬೊಗಸೆಯನ್ನು ನೋಡಿದರು, ಆಮೇಲೆ ಸುರಿದರು. ಅವನು ತಲೆ ತಗ್ಗಿಸಿ ಕುಡಿದ. ಉಸುಕಿನ ಕಾಳು ಹಲ್ಲಿಗೆ ಸಿಕ್ಕಿದ ಸದ್ದು ನನಗೆ ಕೇಳಿಸಿತು. ಸದಾ ಫಿಲ್ಟರ್ ನೀರು ಬೇಡುವ ನನ್ನ ಗಂಡ ಅದನ್ನೂ ನುಂಗಿದ.

"ಹೆಂಗ ಅದಾವ ನೀರು?" ಎಂದು ಅತ್ತೆ ಕೇಳಿದರು. ಧ್ವನಿ ಅವರದೇ ಅನಿಸಲಿಲ್ಲ.

ಅವನು ತಲೆ ಎತ್ತದೆಯೇ ಹೇಳಿದ, "ಇನ್ನೂ ತಿಳಿವಲ್ದವ್ವ. ಇನ್ನೊಂದಿಷ್ಟು ಹಾಕು."

ಅತ್ತೆಯ ಗಲ್ಲದ ಮೇಲೆ ನೀರಿಳಿಯಿತು. ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ, ಸುರಿಯುತ್ತಿದ್ದರು. ತಂಬಿಗೆ ಬರಿದಾಯಿತು. ಕೊನೆಯ ಹನಿಯನ್ನೂ ಕೊಡವಿದರು. ಬಸವಕಿರಣ ಕೈ ಇಳಿಸಲಿಲ್ಲ, ಖಾಲಿ ಬೊಗಸೆಯನ್ನು ಹಾಗೇ ಒಡ್ಡಿಕೊಂಡು ಕುಳಿತ. ಅತ್ತೆ ಗುಂಡಿಯ ಕಡೆ ತಿರುಗಿದರು. ಅಲ್ಲಿ ಒದ್ದೆಯಾದ ಕಪ್ಪು ಹಾಳೆ ಇತ್ತು, ಮೇಲೆ ನಾಲ್ಕು ಉಸುಕಿನ ಕಾಳು. ಜಾರಿದ ಅಂಚನ್ನು ಅವರು ಅಂಗೈಯಿಂದ ತಟ್ಟಿ ಸರಿಮಾಡಿದರು. ತಂಬಿಗೆಯನ್ನು ಪಕ್ಕಕ್ಕಿಟ್ಟು, ಮೊಣಕಾಲಿಗೆ ಕೈ ಸುತ್ತಿ, ಗುಂಡಿಯನ್ನು ನೋಡುತ್ತ ಕುಳಿತರು.

ಗೋಪುರ ಕಟ್ಟುತ್ತಿದ್ದ ಮಕ್ಕಳು ತಮ್ಮ ಆಟಕ್ಕೆ ಹೋದರು. ಬಿಸಿಲು ಇಳಿಯಿತು. ಮೌನಪ್ಪ ದೂರದ ಹಗ್ಗದ ಹತ್ತಿರ ಯಾರಿಗೋ ಸಿಳ್ಳೆ ಊದುತ್ತಿದ್ದ, ನಮ್ಮ ಕಡೆ ಬರಲಿಲ್ಲ. ನಾನು ಬುತ್ತಿಯ ಗಂಟು ಬಿಚ್ಚದೆ ತಂದು ಗುಂಡಿಯ ಪಕ್ಕ ಇಟ್ಟು, ಅತ್ತೆಯ ಭುಜಕ್ಕೆ ಭುಜ ತಾಗಿಸಿ ಕುಳಿತೆ. ಪಿಂಕಿ ಗುಂಡಿಯೊಳಗೆ ಇಣುಕಿ ನೋಡಿದಳು.

"ಮತ್ತ ನೀರು ಬರತೈತೇನು ಅಜ್ಜಿ?"

"ಇಲ್ಲವ್ವ" ಎಂದರು ಅತ್ತೆ. "ಕುಂದ್ರು."

ಪಿಂಕಿ ಕುಳಿತಳು.